ಹೆಸರಿಲ್ಲದೆ ಹೊರಟ ಪದ್ಯ

ನಮ್ಮಲ್ಲಿ ಪದ್ಯ ಹೇಳುವವನು ಮೊದಲು ಅದನ್ನು ಕಟ್ಟಿದವರ ಹೆಸರು ಹೇಳಬೇಕು. ಊಟಕ್ಕೆ ಕೈ ಹಾಕುವ ಮುಂಚೆ ಬಿಸ್ಮಿಲ್ಲಾ ಅನ್ನುವ ಹಾಗೆ ಅದು ನಾಲಿಗೆಗೆ ಅಂಟಿಕೊಂಡೇ ಬಂದಿರುತ್ತದೆ. ಹೆಸರು ಬಿಟ್ಟು ಪದ್ಯ ಹೇಳಿದವನನ್ನು ಬೇರೆಯವರ ಒಂಟೆಗೆ ತನ್ನ ಬರೆ ಹಾಕಿದವನಂತೆ ನೋಡುತ್ತಾರೆ. ಒಂದಕ್ಷರ ಬದಲಿಸುವುದೂ ಅಷ್ಟೇ ದೊಡ್ಡ ತಪ್ಪು.

ನನ್ನ ತಂದೆ ಬೆಳಗಿನ ನಮಾಜಾದ ಮೇಲೆ ಕುರಾನು ಓದುತ್ತಿದ್ದರು, ಸಂಜೆ ಒಂಟೆಗಳು ಕೂತ ಮೇಲೆ ಹಿರಿಯರ ಪದ್ಯ ಹೇಳುತ್ತಿದ್ದರು. ಎರಡನ್ನೂ ಕೇಳುತ್ತ ಬೆಳೆದ ನನಗೆ ಕಟ್ಟುವುದು ಬರಲಿಲ್ಲ, ಕೇಳುವುದು ಬಂತು. ಒಮ್ಮೆ ಕಿವಿಗೆ ಬಿದ್ದ ಪದ್ಯ ಅಲ್ಲೇ ಉಳಿಯುತ್ತಿತ್ತು. ಹಾಗಾಗಿ ದುವಾಲೆ ಎಂಬ ನನ್ನ ಹೆಸರನ್ನು ಊರಿನವರು ಮರೆತು ದೊಡ್ಡಕಿವಿ ಎಂದು ಕರೆಯುತ್ತಿದ್ದರು. ನನ್ನ ಕಿವಿ ನಿಜಕ್ಕೂ ದೊಡ್ಡದೇ. ನಮ್ಮಲ್ಲಿ ಅಡ್ಡಹೆಸರಿಗೆ ಬೇಸರಪಟ್ಟರೆ ಇನ್ನೊಂದು ಇಡುತ್ತಾರೆ, ಆದ್ದರಿಂದ ಸುಮ್ಮನಿದ್ದೆ.

ಬುರಾವೊ ಪಟ್ಟಣದಿಂದ ತೆಂಕಣ ಹೌಡ್ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮಳೆ ಬಿದ್ದಾಗ ಸೊಮಾಲಿಗಳ ಮಂದೆಯೆಲ್ಲ ಹೌಡ್ ಕಡೆಗೆ ಹೊರಡುವುದು ನಮ್ಮ ಮುತ್ತಾತಂದಿರ ಕಾಲದಿಂದ ನಡೆದುಬಂದದ್ದು. ಈ ಕತೆ ನಡೆದ ವರ್ಷ, ನಮ್ಮನ್ನು ಆಳುತ್ತಿದ್ದ ಇಂಗ್ಲಿಷರು ಆ ಹುಲ್ಲುಗಾವಲನ್ನು ಪಕ್ಕದ ದೇಶದ ಹಬಶಿಗಳ ರಾಜನಿಗೆ ಒಪ್ಪಿಸಿಬಿಟ್ಟರು. ನಮ್ಮನ್ನು ಯಾರೂ ಕೇಳಲಿಲ್ಲ. ಗಡಿ ಅಳೆಯುವ ಸರ್ಕಾರಿ ತಂಡವೊಂದು ಕೋಲು, ಸರಪಳಿ ಹಿಡಿದು ಬಂತು. ಇಂಗ್ಲಿಷರು ಹೋಗಿ ಬಾವುಟ ಬದಲಾಗುವುದಕ್ಕೆ ಇನ್ನೂ ಐದು ವರ್ಷವಿತ್ತು, ಆದರೆ ಅದು ಆಗ ಯಾರಿಗೆ ಗೊತ್ತು?

ಒಂದು ಬೆಳಿಗ್ಗೆ ನನ್ನ ತಂಗಿ ಬರ್ನಿ ತಲೆಯ ಮೇಲಿನ ಬಟ್ಟೆ ಜಾರಿದ್ದೂ ಗೊತ್ತಿಲ್ಲದೆ ಓಡಿಬಂದಳು.

"ಅಣ್ಣಾ, ನಿನ್ನ ಅಳಿಯನ್ನ ಹಿಡ್ಕೊಂಡು ಹೋದ್ರು!"

ಅವಳ ಮಗ ಸಮತರ್ ಲಾರಿ ಓಡಿಸುತ್ತಿದ್ದ. ಹೌಡ್ ಕಡೆಯ ಬಾವಿಬಾವಿಗೂ ಖರ್ಜೂರ, ಸಕ್ಕರೆ, ಬಟ್ಟೆ ಹೊತ್ತು ಹೋಗಿ, ತುಪ್ಪ, ಚರ್ಮ ತುಂಬಿಕೊಂಡು ಬರುವುದು ಅವನ ಕೆಲಸ. ಒಳ್ಳೆಯ ಕಂಠ, ಒಳ್ಳೆಯ ಮೈಕಟ್ಟು, ಮಾತು ಸ್ವಲ್ಪ ಹೆಚ್ಚು.

"ಏನು ಮಾಡಿದನಂತೆ?"

"ಪದ್ಯ ಹೇಳಿದನಂತೆ! ಬಾವಿಗಳ ಹತ್ರ ಅವನು ಪದ್ಯ ಹೇಳಿದ ಮೇಲೆ ಜನ ಗಡಿ ಅಳೆಯೋರಿಗೆ ನೀರೇ ಕೊಡಲಿಲ್ಲವಂತೆ. ಕಟ್ಟಿದವನನ್ನ ಕಡಲೊಳಗಿನ ದ್ವೀಪಕ್ಕೆ ಹಾಕ್ತೀವಿ ಅಂದಿದಾನೆ ಆ ಕೊಕ್ಕರೆ."

ಕೊಕ್ಕರೆ ಅಂದರೆ ನಮ್ಮ ಡಿ.ಸಿ. ಉದ್ದ ಕಾಲಿನ, ಕೆಂಪು ಮೊಣಕಾಲಿನ ಇಂಗ್ಲಿಷ್ ಸಾಹೇಬ. ಆ ದ್ವೀಪಕ್ಕೆ ಹೋದವರು ತಿರುಗಿ ಬಂದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ.

"ಯಾವ ಪದ್ಯ?" ಎಂದೆ.

ಬರ್ನಿ ಅಳುತ್ತಲೇ ಎರಡು ಸಾಲು ಹೇಳಿದಳು. ನನ್ನ ಕೈಯ ಚಹಾ ಲೋಟ ಅಲ್ಲೇ ನಿಂತಿತು. ಆ ಪದ್ಯ ನನ್ನ ಕಿವಿಯಲ್ಲಿ ಆಗಲೇ ಇತ್ತು. ಅದು ಸಮತರನದಲ್ಲ.

ಸರ್ಕಾರಿ ಬಂದೀಖಾನೆ ಅಂದರೆ ತಗಡಿನ ಮಾಡಿನ ಒಂದು ಕೋಣೆ. ಕಾವಲಿನವನು ನಮ್ಮ ಕಡೆಯವನೇ ಆದ್ದರಿಂದ ಕಿಟಕಿಯ ಹತ್ತಿರ ಬಿಟ್ಟು ತಾನು ಹಲ್ಲುಜ್ಜುವ ಕಡ್ಡಿ ಹುಡುಕುವವನಂತೆ ಆಚೆ ಹೋದ. ಒಳಗಿನ ಸೆಕೆಗೆ ಸಮತರನ ಅಂಗಿ ಮೈಗೆ ಅಂಟಿತ್ತು.

"ಮಾವ, ಅಮ್ಮ ಅಳ್ತಿದಾಳಾ?"

"ಅಳದೆ ಹಾಡ್ತಾಳಾ? ಅದು ಅಂಬರೊ ಅತ್ತೆ ಪದ್ಯ ಅಲ್ಲವೇನೋ?"

ಅಂಬರೊ ನಮ್ಮ ಕೇರಿಯ ತುದಿಯಲ್ಲಿರುವ ವಿಧವೆ. ವಯಸ್ಸು ಎಷ್ಟೆಂದು ಅವಳಿಗೇ ತಿಳಿಯದು. ಗುಡಿಸಲಿಗೆ ಹೊದಿಸುವ ಚಾಪೆ ಹೆಣೆಯುವುದರಲ್ಲಿ ಅವಳದು ಎತ್ತಿದ ಕೈ, ಪದ್ಯದಲ್ಲಿ ಇನ್ನೂ ಒಂದು ಕೈ ಮೇಲೆ. ಹೆಂಗಸರು ಸುತ್ತ ಕೂತು ನಾರು ಬಡಿಯುತ್ತಿದ್ದರೆ ಆ ಬಡಿತಕ್ಕೇ ಅವಳು ಪದ್ಯ ಕಟ್ಟುತ್ತಿದ್ದಳು. ಹೆಂಗಸರ ಪದ್ಯದ ಧಾಟಿ ಬೇರೆ, ಗಂಡಸರದು ಬೇರೆ. ಬೇಲಿಯ ಈಚೆ ಕೂತು ಕೇಳಿಸಿಕೊಂಡವನು ನಾನು. ನಾನಿದ್ದದ್ದು ಗೊತ್ತಾಗಿ, "ಕೇಳಿದೆಯಲ್ಲ, ಇಟ್ಕೋ. ಆದರೆ ಹೆಸರು ಬಿಡಬೇಡ" ಎಂದಿದ್ದಳು.

"ನನಗೆ ಅವಳ ಮೊಮ್ಮಗಳು ಹೇಳಿಕೊಟ್ಟಳು," ಎಂದ ಸಮತರ್. "ಬಾವಿ ಹತ್ರ ನೀರು ಸೇದೋ ಧಾಟಿಗೆ ತಿರುಗಿಸಿ ಹೇಳಿದೆ, ಮಾವ. ಹೆಸರು ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟು ಜನ ಗಂಡಸರು ನಿಂತಿದ್ದರು. ಚಾಪೆ ಹೆಣೆಯೋ ಮುದುಕೀದು ಅನ್ನೋಕೆ ನಾಚಿಕೆ ಆಯ್ತು. ಮುಂದಿನ ಬಾವೀಲಿ ಹೇಳಿದರಾಯ್ತು ಅಂದ್ಕೊಂಡೆ. ಅಲ್ಲಿಗೆ ಹೋಗೋ ಹೊತ್ತಿಗೆ, ಬಂದ ನೋಡಿ ಸಮತರ್, ಅವನ ಪದ್ಯ ಕೇಳಿ ಅಂತ ಜನ ಆಗಲೇ ಹೇಳ್ತಿದ್ರು."

"ಆಗಲಾದರೂ ಹೇಳಬಾರದಿತ್ತಾ?"

"ಕೇಳೋಕೆ ಚೆನ್ನಾಗಿತ್ತು, ಮಾವ."

ಬೈಯಬೇಕೆಂದುಕೊಂಡೆ, ಆಗಲಿಲ್ಲ. "ಸರಿ, ಈಗ ಡಿ.ಸಿ.ಗೆ ನಿಜ ಹೇಳು."

"ಹೇಗೆ ಹೇಳ್ಲಿ? ಹೊಗಳಿಕೆ ಬಂದಾಗ ನಂದು, ಬೇಡಿ ಬಂದಾಗ ಮುದುಕೀದು ಅಂತೀನಾ? ನಂದೇ ಅಂತ ಹೇಳಿಬಿಟ್ಟಿದೀನಿ. ನೀನೂ ಹಾಗೇ ಹೇಳು."

ನಾನು ಬೀದಿಗೆ ಬರುವಷ್ಟರಲ್ಲಿ ಸರ್ಕಾರದ ದುಭಾಷಿ ಹಾಶಿ ನೆರಳಿನಲ್ಲಿ ಕಾಯುತ್ತಿದ್ದ. ಸಾಹೇಬನ ಹಳೆಯ ಬೂಟು ಹಾಕಿಕೊಂಡು ನಡೆಯುವ ಈ ಹಾಶಿಯನ್ನು ಜನ ಬೂಟಪ್ಪ ಎನ್ನುತ್ತಿದ್ದರು. ಕೆಟ್ಟವನಲ್ಲ, ಆದರೆ ಸಂಬಳದವನು.

"ದೊಡ್ಡಕಿವಿ, ನಾಳೆ ನಿನ್ನ ಸಾಕ್ಷಿ ಬೇಕಂತೆ. ಹೆಸರಿಲ್ಲದೆ ಒಂದು ಪದ್ಯಾನೂ ಹೇಳದೋನು ಈ ಊರಲ್ಲಿ ನೀನೊಬ್ಬನೇ ಅಂತ ಯಾರೋ ಸಾಹೇಬನ ಕಿವಿಗೆ ಹಾಕಿದಾರೆ."

"ಯಾರು?"

"ನಾನೇ," ಎಂದ ಹಾಶಿ. "ಹೊಗಳೋಕೆ ಹೇಳಿದೆ ಮಾರಾಯ, ಹಿಂಗಾಗುತ್ತೆ ಅಂತ ನನಗೇನು ಗೊತ್ತು? ಕುರಾನಿನ ಮೇಲೆ ಕೈ ಇಡಿಸ್ತಾರೆ. ಯೋಚನೆ ಮಾಡ್ಕೊಂಡು ಬಾ."

ಯೋಚಿಸುವುದಕ್ಕೆ ಏನಿತ್ತು? ನಿಜ ಹೇಳಿದರೆ ಮುದುಕಿಗೆ ಬೇಡಿ. ಹೇಳದಿದ್ದರೆ ನನ್ನ ತಂಗಿಯ ಒಬ್ಬನೇ ಮಗ ಕಡಲಿನ ಪಾಲು. ಅದೂ ಸುಳ್ಳು ಹೇಳಬೇಕಾದ್ದು ಕೈಯ ಕೆಳಗೆ ದೇವರ ಮಾತನ್ನು ಇಟ್ಟುಕೊಂಡು. ಮಸೀದಿಯಲ್ಲಿ ಹಣೆ ನೆಲಕ್ಕೆ ಮುಟ್ಟಿಸಿದಾಗಲೂ ಪ್ರಾರ್ಥನೆಯ ನಡುವೆ ಆ ಪದ್ಯದ ಸಾಲೇ ಬಂದು ನಿಲ್ಲುತ್ತಿತ್ತು. ಇಳಿಹೊತ್ತಿನ ಅಸರಿನ ನಮಾಜು ಮುಗಿಸಿ ನೇರ ಅಂಬರೊಳ ಗುಡಿಸಲಿಗೆ ಹೋದೆ.

ಅವಳು ಕಾಲು ಚಾಚಿ ಕೂತು ನಾರು ಬಡಿಯುತ್ತಿದ್ದಳು. ಎದುರಿಗೆ ಅರ್ಧ ಹೆಣೆದ ಚಾಪೆ. ಅದು ಅವಳ ಮೊಮ್ಮಗಳ ಮದುವೆಯದು. ಕೆಮ್ಮು ಬಂದಾಗಲೆಲ್ಲ ಬಡಿಗೆ ಎತ್ತಿ ಹಿಡಿದು ಕೆಮ್ಮು ನಿಲ್ಲುವವರೆಗೆ ಕಾಯುತ್ತಿದ್ದಳು.

ಸಮತರನನ್ನು ಹಿಡಿದದ್ದು ಅವಳಿಗೆ ಗೊತ್ತಿತ್ತು, ಯಾತಕ್ಕೆಂದು ಗೊತ್ತಿರಲಿಲ್ಲ. ನಾನು ಹೇಳಿದೆ. ಬಡಿಗೆ ಗಾಳಿಯಲ್ಲೇ ನಿಂತಿತು.

"ಏನಂದೆ? ನನ್ನ ಪದ್ಯ ಆ ಲಾರಿಯವನದು ಅಂತಿದಾರಾ?"

"ಹೂಂ ಅತ್ತೆ."

"ಅವನೂ ಹೌದು ಅಂದನಾ?"

"ನಿಮ್ಮನ್ನ ಉಳಿಸೋಕೆ..."

"ಉಳಿಸೋಕಾ! ಕಳ್ಳ! ನಾನು ಸೊಂಟ ಮುರ್ಕೊಂಡು ಒಂದೊಂದು ಸಾಲಿಗೂ ಅಕ್ಷರ ಹೊಂದಿಸಿದೀನಿ. ಮ ಅಂದರೆ ಮ, ಕೊನೇತನಕ ಮ. ಅವನಿಗೆ ಗೇರು ಬದಲಾಯಿಸೋದು ಬಿಟ್ಟರೆ ಏನು ಬರುತ್ತೆ?" ಕೆಮ್ಮು ಬಂತು, ಹೋಯಿತು. "ಜೈಲು ಕೊಡೋದಿದ್ದರೆ ಅದು ನನ್ನ ಜೈಲು. ಅದನ್ನೂ ಅವನು ಕದೀಬೇಕಾ?"

ನಗು ಬಂತು, ಹೆದರಿಕೆಯೂ ಬಂತು. "ಅತ್ತೆ, ಅದು ದ್ವೀಪ. ಸುತ್ತ ಸಮುದ್ರ."

"ನಾನು ಸಮುದ್ರ ನೋಡಿಲ್ಲ. ತೋರಿಸಲಿ."

"ಈ ಕೆಮ್ಮಿಗೆ ಅಲ್ಲಿ ಒಂದು ಮಳೆಗಾಲ ಕಳೆಯಲ್ಲ ನೀವು."

ಗುಡಿಸಲಿನ ಒಳಗಿಂದ ಮೊಮ್ಮಗಳು ಅಳುವುದು ಕೇಳಿಸಿತು. ಅಂಬರೊ ಆ ಕಡೆ ತಿರುಗದೆ ನಾರಿನ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಳು. "ಮಗನೆ, ನನಗೆ ಹೊಲ ಇಲ್ಲ, ಒಂಟೆ ಇಲ್ಲ. ಇರೋದು ಹೆಸರಿಟ್ಟು ಹೇಳೋ ನಾಕು ಪದ್ಯ. ನಾಳೆ ನನ್ನ ಹೆಸರು ಹೇಳು."

ನಾನು ಮಾತು ಕೊಡದೆ ಎದ್ದು ಬಂದೆ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಪದ್ಯ ಗೊತ್ತೇ ಎಂದು ಕೇಳಿದರೆ ಗೊತ್ತು ಎನ್ನುವುದು, ಅದು ನಿಜ. ಆಮೇಲೆ ಹೆಸರು ಹೇಳದೆ ಮೊದಲ ಸಾಲಿನಿಂದಲೇ ಶುರು ಮಾಡುವುದು. ಕೇಳದೆ ಹೋದರೆ ಹೇಳಬೇಕಾಗಿಲ್ಲ. ಇದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಷ್ಟರಲ್ಲಿ ದೇವರು ಏನಾದರೂ ದಾರಿ ತೋರಿಸುತ್ತಾನೆ ಅಂದುಕೊಂಡೆ.

ಮಾರನೆಯ ದಿನ ಡಿ.ಸಿ. ಬಂಗಲೆಯ ಜಗುಲಿಯಲ್ಲಿ ವಿಚಾರಣೆ. ಸಾಹೇಬನ ಮುಂದೆ ದೊಡ್ಡ ಮೇಜು, ಅದರ ಮೇಲೆ ಹೌಡಿನ ನಕ್ಷೆ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು. ಪಕ್ಕದಲ್ಲಿ ನಮ್ಮ ಕುಲದ ಹಿರಿಯ ರೂಬ್ಲೆ. ಸರ್ಕಾರ ಅವರನ್ನು ಅಕಿಲ, ಅಂದರೆ ಕುಲದ ಮುಖಂಡ, ಎಂದು ಒಪ್ಪಿ ಇಂಥ ಕಡೆಗೆಲ್ಲ ಕೂರಿಸುತ್ತಿತ್ತು. ಒಂದು ಕಣ್ಣಿಗೆ ಪೊರೆ ಬಂದ ಮುದುಕರು, ಇನ್ನೊಂದು ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಮುಳ್ಳುಬೇಲಿಯ ಆಚೆ ಊರಿಗೂರೇ ನಿಂತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬೇಡಿ ಹಾಕಿದ ಸಮತರನನ್ನು ಮಧ್ಯದಲ್ಲಿ ನಿಲ್ಲಿಸಿದ್ದರು. ಅವನ ತಾಯಿ ಬೇಲಿಯ ಮುಳ್ಳನ್ನೇ ಹಿಡಿದು ನಿಂತಿದ್ದಳು.

ನನ್ನ ಕೈಯನ್ನು ಕುರಾನಿನ ಮೇಲೆ ಇಡಿಸಿದರು. ಸಾಹೇಬ ಏನೋ ಕೇಳಿದ. ಹಾಶಿ ತಿರುಗಿಸಿದ:

"ಈ ಪದ್ಯ ನಿನಗೆ ಗೊತ್ತಾ?"

"ಗೊತ್ತು."

"ಹೇಳು, ಎಲ್ಲರೂ ಕೇಳಲಿ."

ಸರಿ, ಮೊದಲ ಸಾಲಿನಿಂದಲೇ ಎಂದು ಬಾಯಿ ತೆರೆದೆ.

ಸಾಲು ಬರಲಿಲ್ಲ. ತಲೆಯಲ್ಲಿ ಇತ್ತು, ತುಟಿಯವರೆಗೂ ಬಂತು. ಹೆಸರು ಮುಂದೆ ಹೋಗದೆ ಪದ್ಯ ಹೊರಗೆ ಕಾಲಿಡಲಿಲ್ಲ. ಮತ್ತೆ ಬಾಯಿ ತೆರೆದೆ. ಮತ್ತೆ ಅದೇ. ಐವತ್ತು ವರ್ಷದಿಂದ ಒಂದೇ ಬಾಗಿಲಿನಿಂದ ಹೊರಡುತ್ತಿದ್ದದ್ದು ಈಗ ಗೋಡೆ ಹಾರು ಅಂದರೆ ಹಾರೀತೇ? ಸಾಹೇಬ ಕತ್ತೆತ್ತಿದ. ಜನ ಪಿಸುಗುಟ್ಟಿದರು. ನನ್ನ ಕಿವಿಯ ತುದಿ ಬಿಸಿಯಾಗಿತ್ತು.

"ಹೇಳಯ್ಯ," ಎಂದ ಹಾಶಿ ಮೆಲ್ಲಗೆ. "ಹೇಳಲ್ಲ ಅಂತಿದೀಯ ಅಂದ್ಕೊಂಡಾನು."

ಆಗ ಬೇಲಿಯ ಆಚೆಯಿಂದ ಕೂಗು ಬಂತು.

"ಹೆಸರು ಹೇಳೋ, ದೊಡ್ಡಕಿವಿ! ಹೆಸರು ಹೇಳದೆ ಎಲ್ಲಿಂದ ಬರುತ್ತೆ ಪದ್ಯ?"

ಅಂಬರೊ. ಮೊಮ್ಮಗಳ ಹೆಗಲು ಹಿಡಿದು ನಿಂತಿದ್ದಳು, ಇನ್ನೊಂದು ಕೈಯಲ್ಲಿ ನಾರು ಬಡಿಯುವ ಬಡಿಗೆ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಈ ಪದ್ಯ ಅಂಬರೊ ಅವರದು," ಎಂದಿತು. ಆ ಮೇಲೆ ಸಾಲುಗಳು ತಾವಾಗಿಯೇ ಬಂದವು, ಹೆಂಗಸರ ಧಾಟಿಯಲ್ಲಿ, ಬಡಿಗೆಯ ಲಯದಲ್ಲಿ, ನಾನು ಕೇಳಿದ ಹಾಗೆಯೇ:

ಮಳೆಯ ಬೆನ್ನು ಹತ್ತಿ ಹೋದ ಮಂದೆ ನಮ್ಮದು,
ಮೋಡಕೆ ಮೊಹರು ಒತ್ತಿದವರು ಯಾರು, ತಾಯಿ?
ಮಗಳ ಮನೆಗೆ ಚಾಪೆಯೊಂದ ಹೆಣೆಯುತಿದ್ದೆನು,
ಮಾರಿಹೋದ ಮಣ್ಣ ಮೇಲೆ ಹಾಸಲೆಂತು, ತಾಯಿ?

"ಸುಳ್ಳು!" ಎಂದು ಸಮತರ್ ಕೂಗಿದ. "ಪದ್ಯ ನಂದು! ಮಾವ ನನ್ನ ಬಿಡಿಸೋಕೆ ಹಿಂಗೆ ಹೇಳ್ತಿದಾನೆ!"

ಸಾಹೇಬನಿಗೂ ಹಾಗೆಯೇ ಅನ್ನಿಸಿತು. ಗಡಿಯ ತಂಡಕ್ಕೆ ನೀರು ನಿಲ್ಲಿಸಿದ ಪದ್ಯವನ್ನು ಚಾಪೆ ಹೆಣೆಯುವ ಮುದುಕಿ ಕಟ್ಟಿದಳೆಂದರೆ ನಂಬುವಷ್ಟು ದಡ್ಡ ತಾನಲ್ಲ ಎಂದು ಹೇಳಿದನಂತೆ. ಅಳಿಯನನ್ನು ಉಳಿಸಲು ಮಾವ ಹೂಡಿದ ಆಟ ಇದು ಅಂದನಂತೆ. ಬೇಲಿಯ ಹತ್ತಿರ ಬರ್ನಿ ಮಗನ ಹೆಸರು ಹಿಡಿದು ಕೂಗಿದಳು. ನನ್ನ ನಿಜ ಯಾರಿಗೂ ಬೇಡವಾಗಿತ್ತು.

ಅಕಿಲ ರೂಬ್ಲೆ ಗಂಟಲು ಸರಿಮಾಡಿಕೊಂಡರು. "ಇದರಲ್ಲಿ ಕಷ್ಟ ಏನಿದೆ? ಹೆತ್ತ ಒಂಟೆ ಯಾವುದು ಅಂತ ಗೊತ್ತಾಗದಿದ್ದರೆ ಹಾಲು ಕರೆದು ನೋಡ್ತೀವಿ. ಪದ್ಯ ಇನ್ನೂ ಮುಗಿದ ಹಾಗೆ ಕಾಣಲ್ಲ. ಕಟ್ಟಿದವರು ಮುಂದಕ್ಕೆ ಕಟ್ಟಲಿ, ಅದೇ ಅಕ್ಷರಕ್ಕೆ, ಅದೇ ಧಾಟಿಗೆ. ಮೊದಲು ಹುಡುಗ."

ಹಾಶಿ ಸಾಹೇಬನಿಗೆ ವಿವರಿಸಿದ. ಸಾಹೇಬ ಭುಜ ಕುಣಿಸಿ ಒಪ್ಪಿದ.

ಸಮತರ್ ಆಕಾಶ ನೋಡಿದ, ನೆಲ ನೋಡಿದ, ಬೇಡಿ ನೋಡಿದ. "ಮ... ಮ... ಮೋಟಾರು ಲಾರಿಯ ಮುಂದಿನ ಚಕ್ರ..."

ಅಷ್ಟೇ. ಗಂಡಸರ ಕಡೆಯಿಂದ ನಗು ಸಿಡಿಯಿತು. ಯಾರೋ ಕೂಗಿದರು, "ಪಂಕ್ಚರ್ ಆಯ್ತು ಕಣ್ರೋ!" ಕಾವಲಿನವನೂ ಬಂದೂಕಿಗೆ ಹಣೆ ಒತ್ತಿ ನಕ್ಕ. ಸಮತರನ ಮುಖ ಬೇಡಿಗಿಂತ ಕಪ್ಪಾಗಿತ್ತು.

"ಬರಲಿ ನನ್ನ ಸರದಿ," ಎಂದು ಅಂಬರೊ ಕೇಳದೆಯೇ ಬೇಲಿಯ ಬಾಗಿಲು ದಾಟಿ ಒಳಗೆ ಬಂದಳು. ಯಾರೂ ತಡೆಯಲಿಲ್ಲ. ಅಷ್ಟು ವಯಸ್ಸಾದ ಹೆಂಗಸಿನ ಮೈಗೆ ಕೈ ಹಾಕುವವರು ನಮ್ಮಲ್ಲಿಲ್ಲ. ಸರ್ಕಾರಿ ಟೋಪಿ ಹಾಕಿಕೊಂಡವರೂ ಮೊದಲು ನಮ್ಮವರೇ. ಮೇಜಿನ ಮುಂದೆ ನಿಂತು ನಕ್ಷೆಯನ್ನು ನೋಡಿದಳು. "ಇದೇನಿದು?"

"ಹೌಡ್," ಎಂದ ಹಾಶಿ.

"ಇಷ್ಟೇನಾ?"

ಬಡಿಗೆಯಿಂದ ಜಗುಲಿಯ ನೆಲವನ್ನು ಒಮ್ಮೆ ಬಡಿದಳು. ಮತ್ತೊಮ್ಮೆ. ಬೇಲಿಯ ಆಚೆ ಹೆಂಗಸರು ಅದೇ ಲಯಕ್ಕೆ ಕೈ ತಟ್ಟತೊಡಗಿದರು.

ಮೇಜಿನಗಲ ಕಾಗದದಲಿ ಮೇವು ಮುಗಿಸಿದೆ,
ಮಸಿಯ ಗೆರೆಯ ದಾಟದಂತೆ ಒಂಟೆಗೆ ಹೇಳಪ್ಪ;
ಮುಳ್ಳು ತಿಂದು ಬದುಕಿದವರು, ಮರೆವುದಿಲ್ಲ ನಾವು,
ಮನೆಗೆ ಮರಳುವಂಥ ದಿನವು ನಿನಗು ಇರಲಪ್ಪ.

ಕೊನೆಯ ಸಾಲಿಗೆ ಚಪ್ಪಾಳೆ ತಾನಾಗಿ ನಿಂತಿತು. ನಾನು ಆ ನಾಲ್ಕು ಸಾಲನ್ನು ಆಗಲೇ ಕಿವಿಯೊಳಗೆ ಇಟ್ಟುಕೊಂಡಿದ್ದೆ. ಅಲ್ಲಿದ್ದ ಎಷ್ಟೋ ಜನರೂ ಇಟ್ಟುಕೊಂಡಿದ್ದರು, ತುಟಿಗಳು ಅಲುಗುತ್ತಿದ್ದವು.

ಸಾಹೇಬ ಹಾಶಿಯ ಕಡೆ ತಿರುಗಿದ. ಹಾಶಿ ಬೂಟು ನೋಡಿಕೊಂಡ. ಸಾಹೇಬ ಮತ್ತೆ ಕೇಳಿದ, ಈ ಸಲ ಗಟ್ಟಿಯಾಗಿ. ಹಾಶಿ ನಿಧಾನವಾಗಿ ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿದ. ಸಾಹೇಬನ ಕಣ್ಣು ನಕ್ಷೆಯ ಮೇಲೆ ಹೋಯಿತು. ಕೊನೆಯ ಸಾಲು ಕೇಳಿದಾಗ ಮುದುಕಿಯನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಬೇರೇನೋ ಇತ್ತು. ಬಿಸಿಲಿನಲ್ಲಿ ಬಹಳ ದಿನ ನಡೆದವನಿಗೆ ಯಾರೋ ಊರಿನ ಹೆಸರು ಹೇಳಿದ ಹಾಗೆ.

"ಕಟ್ಟಿದ್ದು ನಾನು ಅಂತ ಈಗ ಗೊತ್ತಾಯ್ತಲ್ಲ," ಎಂದಳು ಅಂಬರೊ. "ಹುಡುಗನ ಕೈ ಬಿಚ್ಚಿ. ದ್ವೀಪಕ್ಕೆ ಲಾರೀಲಿ ಹೋಗೋದೋ, ಒಂಟೇಲೋ? ಚಾಪೆ ಮುಗಿಸೋಕೆ ನಾಕು ದಿನ ಬೇಕು."

ಸಾಹೇಬ ರೂಬ್ಲೆಯವರನ್ನು ಏನೋ ಕೇಳಿದ. ರೂಬ್ಲೆ ಗಡ್ಡ ನೇವರಿಸಿದರು. "ಕಳಿಸಬಹುದು, ಸಾಹೇಬರೆ. ಕರಕೊಂಡು ಹೋಗೋಕೆ ನಿಮ್ಮ ಕಾವಲಿನವರಲ್ಲಿ ಯಾರು ಮುಂದೆ ಬರ್ತಾರೋ ಕೇಳಿ."

ಸಾಹೇಬ ಕಾವಲಿನವರ ಕಡೆ ನೋಡಿದ. ಅವರೆಲ್ಲ ಒಟ್ಟಿಗೆ ತಂತಮ್ಮ ಕಾಲಿನ ಪಟ್ಟಿ ಸರಿಪಡಿಸಿಕೊಳ್ಳುತ್ತಿದ್ದರು.

ನಕ್ಷೆಯ ಒಂದು ಮೂಲೆಯ ಕಲ್ಲನ್ನು ಸಾಹೇಬ ಎತ್ತಿದ, ಕಾಗದ ಸುರುಳಿ ಸುತ್ತಿಕೊಂಡಿತು. ಹಾಶಿಗೆ ಎರಡು ಮಾತು ಹೇಳಿ ಎದ್ದು ಒಳಗೆ ಹೋದ, ಉದ್ದ ಕಾಲುಗಳನ್ನು ಎತ್ತಿ ಇಡುತ್ತ.

"ಏನಂದ? ಏನಂದ?" ಎಲ್ಲರೂ ಕೇಳಿದರು.

ಹಾಶಿ ಹಣೆ ಒರೆಸಿಕೊಂಡ. "ಹುಡುಗ ಕಟ್ಟಿದ್ದಲ್ಲ, ಆದ್ದರಿಂದ ಅವನ ಮೇಲೆ ಕೇಸಿಲ್ಲ. ಮುದುಕಿ ಮನೆಗೆ ಹೋಗಿ ಮಲಗಲಿ ಅಂದ."

ಬೇಲಿಯ ಹತ್ತಿರ ಹೆಂಗಸರ ಸಂಭ್ರಮದ ಉಲುಲುಲು ಕೂಗು ಎದ್ದಿತು. ಬರ್ನಿ ಮುಳ್ಳುಬೇಲಿಯನ್ನೇ ತಳ್ಳಿಕೊಂಡು ಒಳಗೆ ಬಂದು ಮಗನ ತಲೆಯನ್ನು ಎದೆಗೆ ಒತ್ತಿಕೊಂಡಳು. ಬಟ್ಟೆಗೆ ಸಿಕ್ಕಿದ ಮುಳ್ಳು ಅವನ ಕೆನ್ನೆಗೆ ಚುಚ್ಚಿ, "ಅಮ್ಮಾ, ಮುಳ್ಳು!" ಎಂದು ಅವನು ಕೂಗಿಕೊಂಡ. ನಾನು ಅಲ್ಲೇ ನೆಲಕ್ಕೆ ಕುಳಿತೆ. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಒಂಟೆಯೊಂದು ಎದ್ದು ಹೋದಂತಾಗಿ, ಅಲ್‌ಹಂದುಲಿಲ್ಲಾ ಎಂದು ದೇವರನ್ನು ನೆನೆಯುವುದಕ್ಕೂ ಉಸಿರು ಸಾಲಲಿಲ್ಲ.

ಬೇಸರವಾದದ್ದು ಅಂಬರೊಳಿಗೆ ಮಾತ್ರ. "ಮಲಗಲಿ ಅಂದನಾ? ಅಷ್ಟೇನಾ?" ಎಂದು ಬಡಿಗೆ ಊರಿಕೊಂಡು ನಿಂತಿದ್ದಳು. ಬೇಡಿ ಬಿಚ್ಚಿದ ಸಮತರ್ ಅವಳ ಮುಂದೆ ಬಂದು ತಲೆ ಬಗ್ಗಿಸಿದ.

"ಅಜ್ಜಿ, ತಪ್ಪಾಯ್ತು."

"ಆಯ್ತು ಅಂದರೆ ಆಯ್ತಾ? ಕೊಕ್ಕರೆ ಬಿಟ್ಟ, ನಾನು ಬಿಡಲ್ಲ. ನನ್ನ ಪದ್ಯ ಯಾವ ಯಾವ ಬಾವೀಲಿ ಬರಿಮೈಲಿ ಬಿಟ್ಟು ಬಂದೆಯೋ ಅಲ್ಲಿಗೆಲ್ಲ ಹೋಗು. ಲಾರಿಯಿಂದ ಇಳಿ. ಎಲ್ಲರ ಮುಂದೆ ನನ್ನ ಹೆಸರು ಹೇಳು. ಆಮೇಲೆ ಪದ್ಯ ಹೇಳು, ನನ್ನ ಧಾಟೀಲಿ. ದೊಡ್ಡಕಿವಿ ಜೊತೆಗೆ ಬರ್ತಾನೆ, ಒಂದಕ್ಷರ ನುಂಗಿದರೂ ನನಗೆ ಬಂದು ಹೇಳ್ತಾನೆ."

ಅವತ್ತು ಬರ್ನಿ ಮಾಡಿದ ಲಹೋಹ್ ದೋಸೆ, ತುಪ್ಪ, ಜೇನನ್ನು ಸಮತರ್ ಮಾತಿಲ್ಲದೆ ತಿಂದ. ಅವನು ಮಾತಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರ್ನಿ ಬಡಿಸುತ್ತಲೇ ಇದ್ದಳು. ಸಾಕು ಅಂದರೆ ಮತ್ತೆ ಹಿಡಿದುಕೊಂಡು ಹೋಗುತ್ತಾರೋ ಎಂಬಂತೆ ಅವನೂ ಸಾಕು ಅನ್ನಲಿಲ್ಲ.

ಲಾರಿ ಹೊರಟ ಬೆಳಿಗ್ಗೆ ನಾನು ಮುಂದಿನ ಸೀಟಿನಲ್ಲಿ ಕೂತೆ. ಮೊದಲ ಬಾವಿಯ ಹತ್ತಿರ ಮಂದೆ ನೆರೆದಿತ್ತು. ಕೆಲವರು ಬಾವಿಯೊಳಗೆ ಮೆಟ್ಟಿಲಿನಂತೆ ನಿಂತು ಚರ್ಮದ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸಮತರ್ ಇಂಜಿನು ಆರಿಸಿ ಸ್ಟೀರಿಂಗು ಹಿಡಿದೇ ಕೂತ.

"ಇಳಿಯೋ."

"ಇಳೀತೀನಿ ಮಾವ. ಒಂದು ನಿಮಿಷ."

ಇಳಿದ. ಬಾವಿಯ ದಂಡೆಯ ಮೇಲೆ ನಿಂತ. ಹತ್ತಾರು ಗಂಡಸರು ಅವನ ಕಡೆ ತಿರುಗಿದರು.

"ಈ ಪದ್ಯ," ಎಂದ. ಇನ್ನೊಮ್ಮೆ ಉಸಿರೆಳೆದುಕೊಂಡ. "ಈ ಪದ್ಯ ಅಂಬರೊ ಅವರದು. ನಂದಲ್ಲ. ಹೋದ ಸಲ ನಂದು ಅಂತ ನೀವು ಅಂದ್ಕೊಂಡ್ರಿ, ನಾನು ಸುಮ್ಮನಿದ್ದೆ."

ಬಾವಿಯ ಒಳಗಿಂದ ಮುದುಕನೊಬ್ಬನ ಒದ್ದೆ ತಲೆ ಮೇಲೆ ಬಂತು. "ಅದು ನಮಗೆ ಗೊತ್ತಿತ್ತು ಕಣೋ! ಚಾಪೆ ಹೆಣೀತಿದ್ದೆ ಅಂತ ಲಾರಿ ಓಡಿಸೋನು ಹೇಳ್ತಾನಾ? ನೀರು ನಿಲ್ಲಿಸಿದ್ದು ಪದ್ಯಕ್ಕೆ, ನಿನ್ನ ಮೂತಿಗಲ್ಲ."

ಬಾವಿಯ ಮೇಲೂ ಕೆಳಗೂ ನಗು ತುಂಬಿತು. ಸಮತರನೂ ನಕ್ಕ, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಆಮೇಲೆ ಹೆಂಗಸರ ಧಾಟಿಯಲ್ಲೇ ಹೇಳಿದ. ಒಂದಕ್ಷರವನ್ನೂ ನುಂಗಲಿಲ್ಲ.

ಆ ಹೊತ್ತಿಗೆ ನಡುಹಗಲಿನ ಜುಹರಿನ ನಮಾಜಿನ ಸಮಯವಾಗಿತ್ತು. ಅವರು ಸೇದಿ ಕೊಟ್ಟ ತಣ್ಣನೆಯ ನೀರಿನಲ್ಲಿ ಕೈಕಾಲು ತೊಳೆದು ನಾನು ಮೆಕ್ಕಾದ ಕಡೆ ತಿರುಗಿ ನಿಂತೆ. ಹಿಂದೆ ಬಾವಿಯಿಂದ ಬಕೆಟ್ಟು ಮೇಲೇಳುತ್ತಿತ್ತು. ಸೇದುವವರಲ್ಲಿ ಒಬ್ಬ ಕೆಳಗಿನವನಿಗೆ ಪದ್ಯ ದಾಟಿಸುವುದು ಕೇಳಿಸಿತು. ಅವನು ಮೊದಲು ಹೆಸರು ಹೇಳಿದ.